ಮೂರನೇ ಭಾಗದ ಅವ್ವ

“ಮೂರ್ನೇ ಬುಕ್ಕಲ್ಲಿ ಆ ಎಣ್ಣಿನ ಅವ್ವನ್ನ ಸಾಯಿಸ್ಬುಡಿ ತಾಯಿ,” ಎಂದಳು ಮುದುಕಿ.

ಗುಂಡ್ಲುಪೇಟೆಯ ಆ ಶಾಲೆಯ ಜಗಲಿಯಲ್ಲಿ ಚಪ್ಪಲಿ ಬಿಡಲು ಬಗ್ಗಿದ್ದ ಶಶಿರೇಖಾ ಹಾಗೇ ನಿಂತುಬಿಟ್ಟಳು. ಮಕ್ಕಳಿಗಾಗಿ ಮಾಯಾಲೋಕದ ಕಾದಂಬರಿಗಳನ್ನು ಬರೆಯುವ ಅವಳನ್ನು, ಓದಿದ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲೆಂದು ಚಾಮರಾಜನಗರದಿಂದ ಕರೆಸಿದ್ದರು. ಸಹಿ ಕೇಳುವವರಿದ್ದರು, ಫೋಟೊ ಕೇಳುವವರಿದ್ದರು. ಇಂಥದ್ದನ್ನು ಯಾರೂ ಕೇಳಿರಲಿಲ್ಲ.

ಮುದುಕಿ ಸುಂದ್ರಮ್ಮ, ಎಂಟನೇ ತರಗತಿಯ ಕುಮಾರಿಯ ಅಜ್ಜಿ. “ನನ್ ಮಗ್ಳು ಶಿವಲಕ್ಷ್ಮಿ ಕೇರಳಕ್ಕೆ ಶುಂಠಿ ಕೆಲ್ಸಕ್ಕೆ ಓಗಿದ್ಲು. ಗುಡ್ಡ ಜರ್ದು ಮನೆಗಳ್ನೆಲ್ಲ ಮುಚ್ಕತು. ಜೊತೇಲಿದ್ದೋರ ಹೆಣನಾದ್ರೂ ಸಿಕ್ತು, ಇವಳ್ದು ಅದೂ ಇಲ್ಲ. ಎಲ್ಡು ವರ್ಸ ಆಯ್ತು. ಮಾಲಯ ಅಮಾಸೇಲಿ ಒಂದು ಸೀರೆ ಮಡಗಿ ಎಡೆ ಇಕ್ಕನ ಅಂದ್ರೆ ಈ ಮೊಮ್ಮಗ್ಳು ಬುಡದೇ ಇಲ್ಲ. ಎಡೆ ಇಕ್ಬುಟ್ರೆ ಅವ್ವಂಗೆ ಮನೆ ದಾರಿ ಮರ್ತೋಯ್ತದೆ ಅಂತ ನಿಮ್ ಬುಕ್ಕಲ್ಲಿ ಬರ್ದದಂತೆ.”

ಬರೆದಿದ್ದಳು. ಈಗಾಗಲೇ ಎರಡು ಭಾಗ ಬಂದಿದ್ದ ಕಥೆಯ ಹುಡುಗಿಯ ಹೆಸರು ಇಬ್ಬನಿ. ಅವಳ ತಾಯಿ ಮಂಜಿನ ಸೀಮೆಯಲ್ಲಿ ಕಳೆದುಹೋಗುತ್ತಾಳೆ. ಸತ್ತಳೆಂದು ಎಡೆ ಇಡದೆ ಮನೆಯವರು ಕಾದರೆ ಮಾತ್ರ ಅವಳಿಗೆ ದಾರಿ ನೆನಪಿರುತ್ತದೆ. ಕುಕ್ಕರಿನ ಸೀಟಿ ಕಾಯುತ್ತ ಅಡುಗೆಮನೆಯಲ್ಲಿ ನಿಂತಿದ್ದಾಗ ಹೊಳೆದ ನಿಯಮ ಅದು. ಚೆನ್ನಾಗಿದೆ ಅನ್ನಿಸಿತ್ತು, ಕೈ ಒರೆಸಿಕೊಂಡು ಬಂದು ಬರೆದುಕೊಂಡಿದ್ದಳು.

“ಅದು ಬರೀ ಕತೆ ಅಜ್ಜಿ.”

“ಕತೆ ಅಂತ ನಂಗೊತ್ತಿಲ್ವಾ? ಅವಳ್ಗೆ ಯೋಳಿ. ಊರೋರ ಮನೆ ಸತ್ತೋರೆಲ್ಲ ವರ್ಸಕ್ಕೊಂದಪ ಬಂದು ಉಂಡ್ಕಂಡು ಓಯ್ತವ್ರೆ. ನನ್ ಮಗ್ಳೊಬ್ಳು ಅಸ್ಕಂಡು ಬಾಗ್ಲಲ್ಲೇ ನಿಂತಿರ್ಬೇಕಾ?”

ಅಷ್ಟರಲ್ಲಿ ಶಿವಸ್ವಾಮಿ ಮೇಷ್ಟ್ರು ಬಂದು ಒಳಗೆ ಕರೆದೊಯ್ದರು.

ಮಕ್ಕಳು ಉತ್ಸಾಹದಲ್ಲಿದ್ದರು. “ಮಿಸ್, ನಿಮ್ ಬುಕ್ಕಲ್ಲಿ ಆನೆಗೆ ರೆಕ್ಕೆ ಯಾಕೆ ಮಡಗಿದ್ದೀರಿ? ರೆಕ್ಕೆ ಇಲ್ದೇನೇ ನಮ್ಮ ಜ್ವಾಳನೆಲ್ಲ ಮೇಯ್ಕಂಡು ಓಯ್ತವೆ!” ಎಂದ ಕಾಡಂಚಿನ ಮದ್ದೂರಿನ ಹುಡುಗ. ಕೋಣೆಯೆಲ್ಲ ನಕ್ಕಿತು. “ಮುಂದಿನ ಪುಸ್ತಕದಲ್ಲಿ ರೆಕ್ಕೆ ಕಿತ್ತು ಬೇಲಿ ಕಟ್ಟಿಸ್ತೀನಿ ಬಿಡಪ್ಪ,” ಎಂದು ಶಶಿರೇಖಾಳೂ ನಕ್ಕಳು. ಆಮೇಲೆ ಕಿಟಕಿಯ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಎದ್ದುನಿಂತಳು. ಅವಳ ಹಿಂದೆ, ಕಿಟಕಿಯ ಸರಳು ಹಿಡಿದ ಎರಡು ಮುದಿ ಕೈಗಳಿದ್ದವು.

“ಮಿಸ್, ಮೂರನೇ ಭಾಗದಲ್ಲಿ ಇಬ್ಬನಿಯ ಅವ್ವ ವಾಪಸ್ ಬರ್ತಾಳಾ?”

“ಅದ್ನೆಲ್ಲ ಈಗ್ಲೇ ಕೇಳ್ಬಾರ್ದು ಕಣಮ್ಮಿ, ಕೂತ್ಕೊ,” ಎಂದರು ಮೇಷ್ಟ್ರು. ಕುಮಾರಿ ಕೂರಲಿಲ್ಲ.

ಬರುತ್ತಾಳೆ. ಮೂರನೇ ಭಾಗ ಬರೆದು ಮುಗಿದಿತ್ತು, ಅಚ್ಚಿಗೆ ಹೋಗುವುದಷ್ಟೇ ಬಾಕಿ. ಕೊನೆಯ ಅಧ್ಯಾಯದಲ್ಲಿ ಇಬ್ಬನಿಯ ತಾಯಿ ಒದ್ದೆ ಸೆರಗನ್ನು ಹಿಂಡಿಕೊಳ್ಳುತ್ತ ಹೊಸ್ತಿಲು ದಾಟಿ ಒಳಗೆ ಬರುತ್ತಾಳೆ, ‘ಸಾರಿಗೆ ಉಪ್ಪು ಹಾಕಿದ್ದೀಯಾ?’ ಎಂದು ಕೇಳುತ್ತಾಳೆ. ಅದನ್ನು ಬರೆದ ದಿನ ಶಶಿರೇಖಾ ಒಬ್ಬಳೇ ಕೂತು ಅತ್ತಿದ್ದಳು. ಬದುಕಿನಲ್ಲಿ ಯಾರನ್ನೂ ತಡೆದು ನಿಲ್ಲಿಸಿಕೊಳ್ಳಲಾಗದ ಅವಳಿಗೆ, ಕಥೆಯಲ್ಲಿ ಒಬ್ಬಳನ್ನಾದರೂ ಮನೆಗೆ ಕರೆತರಬೇಕಿತ್ತು. ಈಗ ಆ ತಾಯಿಯನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಬೇಕು. ಇಲ್ಲವಾದರೆ ಈ ಹುಡುಗಿ ಕೂದಲು ನೆರೆಯುವವರೆಗೂ ಕಾಯುತ್ತಾಳೆ.

“ಬರಲ್ಲ ಮಗಳೇ,” ಎಂದಳು.



“ಇಬ್ಬನಿ ಎಡೆ ಇಕ್ಕೇ ಇಲ್ವಲ್ಲ ಮಿಸ್,” ಕುಮಾರಿಯ ಶಾಲೆಯ ಕನ್ನಡ ತಪ್ಪಿಹೋಯಿತು. “ರೂಲ್ಸ್‌ನೆಲ್ಲ ಸರ್ಯಾಗೇ ಮಾಡವ್ಳೆ. ಒಂದೂ ತಪ್ಪಿಲ್ಲ. ಮತ್ಯಾಕೆ ಬರಲ್ಲ?”

“ಆ ರೂಲ್ಸ್ ಸುಳ್ಳು. ಇಬ್ಬನಿಯ ತಪ್ಪೇನೂ ಇಲ್ಲ. ಅವಳು ಏನೇ ಮಾಡಿದ್ರೂ ಅವ್ವ ಬರ್ತಿರಲಿಲ್ಲ.” ಶಶಿರೇಖಾ ಕಿಟಕಿಯ ಕಡೆ ನೋಡಿದಳು. “ಅವ್ವಂಗೆ ಹಸಿವಾಗಿರುತ್ತೆ ಅಂತ ಒಂದಿನ ಅವಳಿಗೆ ಅನ್ನಿಸುತ್ತೆ. ಅವತ್ತು ಅವಳೇ ಅಡುಗೆ ಮಾಡಿ ಎಡೆ ಇಡ್ತಾಳೆ.”

ಕುಮಾರಿ ಅಳಲಿಲ್ಲ. “ನೀವು ಅವ್ವನ್ನ ಬರಸ್ಬೋದಿತ್ತು,” ಎಂದಳು. “ನಿಮ್ ಕೈಲೇ ಇತ್ತಲ್ಲ.” ಕೂತು, ಎರಡನೇ ಭಾಗದ ಪುಸ್ತಕವನ್ನು ಪಕ್ಕದವಳ ಕಡೆ ತಳ್ಳಿದಳು. ಮುಂದಿನ ಬೆಂಚಿನಿಂದ ಯಾರೋ, ಬರೆಯೋದು ಪೆನ್ನಲ್ಲೋ ಕಂಪ್ಯೂಟರಲ್ಲೋ ಎಂದು ಕೇಳಿದರು. ಶಶಿರೇಖಾ ಏನೋ ಹೇಳಿದಳು.

ಕಾರ್ಯಕ್ರಮ ಮುಗಿಸಿ ಹೊರಬಂದಾಗ ಸುಂದ್ರಮ್ಮ ಅದೇ ಕಿಟಕಿಯ ಕೆಳಗೆ ಗೋಡೆಗೊರಗಿ ಕುಳಿತಿದ್ದಳು. ಕೈಮುಗಿಯುತ್ತಾಳೆ, ಇಲ್ಲವೇ ಒಳ್ಳೆಯದಾಗಲಿ ಅನ್ನುತ್ತಾಳೆ ಎಂದುಕೊಂಡು ಶಶಿರೇಖಾ ಬಳಿಗೆ ಹೋದಳು. “ನೀವು ಹೇಳಿದ ಹಾಗೇ ಹೇಳಿದೀನಿ ಅಜ್ಜಿ. ಈ ಸಲ ಎಡೆ ಇಡೋಕೆ ಬಿಡ್ತಾಳೆ.”

ಮುದುಕಿ ತಲೆಯಾಡಿಸಿದಳು. ಮೊಮ್ಮಗಳು ಹತ್ತಿರದಲ್ಲೆಲ್ಲೂ ಇಲ್ಲವೆಂದು ಅತ್ತಿತ್ತ ನೋಡಿ, ಶಶಿರೇಖಾಳ ಸೀರೆಯ ನೆರಿಗೆಯನ್ನು ಮೆಲ್ಲಗೆ ಹಿಡಿದೆಳೆದಳು.

“ಅಂಗಾರೆ ದಿಟವಾಗ್ಲೂ ಬರಕಿಲ್ವಾ ತಾಯಿ, ನನ್ ಮಗ್ಳು?”