ಮಹಾಂತಪ್ಪನವರ ರೋಮನ್ ಕುದುರೆ

ಮೈಥಿಲಿ ಕಲ್ಲಿನ ಕುದುರೆಯ ಫಲಕದ ಹಿಂಬದಿಯನ್ನು ಉಗುರಿನಿಂದ ಕೆರೆದು ನೋಡಿ, ಇದು ಎಪಾಕ್ಸಿ, ಈಗಿನ ಕಾಲದ ಅಂಟು ಎಂದಳು.

ಡಾಕ್ಟರ್ ಮಹಾಂತಪ್ಪನವರ ಮುಖ ಬಿಗಿಯಿತು. ವಾಷಿಂಗ್ಟನ್ನಿನ ಮ್ಯೂಸಿಯಂ ಒಂದರಲ್ಲಿ ಹಳೆಯ ಕಲ್ಲುಗಳನ್ನು ದುರಸ್ತಿ ಮಾಡುವ ಈ ಹುಡುಗಿಯನ್ನು ಅವರು ಕರೆಸಿದ್ದು ಫಲಕವನ್ನು ಗೋಡೆಗೆ ಕೂರಿಸಲು. ಅಭಿಪ್ರಾಯ ಕೇಳಲು ಅಲ್ಲ.

ಅದು ೧೯೯೬ರ ಅಕ್ಟೋಬರ್. ಮೇರಿಲ್ಯಾಂಡಿನ ಪೊಟೋಮ್ಯಾಕ್‌ನ ಹೊಸ ಮನೆಯ ಗೃಹಪ್ರವೇಶಕ್ಕೆ ಎರಡೇ ದಿನ ಉಳಿದಿತ್ತು. ಲ್ಯಾನ್‌ಹ್ಯಾಮ್ ದೇವಸ್ಥಾನದಿಂದ ಪುರೋಹಿತರು ಬರುವವರಿದ್ದರು, ಕನ್ನಡ ಸಂಘದ ಅರ್ಧ ಜನ ಬರುವವರಿದ್ದರು. ಎಲ್ಲರಿಗೂ ಡಾಕ್ಟರು ಒಂದೇ ಮಾತು ಹೇಳಿಟ್ಟಿದ್ದರು: ನಮ್ಮ ಹಾಲ್‌ನಲ್ಲಿ ಸಾವಿರದ ಆರುನೂರು ವರ್ಷದ ಕುದುರೆ ಇರುತ್ತದೆ.

ಬಣ್ಣಬಣ್ಣದ ಅಮೃತಶಿಲೆಯನ್ನು ತೆಳುವಾಗಿ ಕೊಯ್ದು, ತುಂಡಿಗೆ ತುಂಡು ಕೂಡಿಸಿ ಮಾಡಿದ ಕುದುರೆ. ಮೈಗೆ ಹಳದಿ ಕಲ್ಲು, ಹುಲ್ಲಿಗೆ ಹಸಿರು, ಅಂಚಿಗೆ ಈಜಿಪ್ಟಿನ ನೇರಳೆಗೆಂಪು. ರೋಮನ್ ಸಾಮ್ರಾಜ್ಯದ ಕೊನೆಗಾಲದ ಸಿರಿವಂತರು ತಮ್ಮ ವಿಲ್ಲಾಗಳ ಊಟದ ಕೋಣೆಗೆ ಹೀಗೆ ಕಲ್ಲಿನ ಗೋಡೆ ಹೊದಿಸುತ್ತಿದ್ದರು, ಬಂದವರು ಬೆರಗಾಗಲಿ ಎಂದು. ಮಹಾಂತಪ್ಪನವರ ಉದ್ದೇಶವೂ ಅದೇ ಆಗಿತ್ತು.

ಬೆಳಗ್ಗೆಯಿಂದಲೇ ಅವಳ ನಡವಳಿಕೆ ಅವರಿಗೆ ಹಿಡಿಸಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ಸರಿಸಿ ಕುದುರೆಯ ತಲೆಯಷ್ಟೇ ಕಂಡಾಗ ಅವಳು ಗಕ್ಕನೆ ನಿಂತುಬಿಟ್ಟಿದ್ದಳು. ಆಮೇಲೆ ಕೆಲಸದವರಿಗೆ, ಹಿಂಗಾಲಿನ ಹತ್ತಿರ ಹಿಡಿಯಬೇಡಿ, ಅಲ್ಲಿ ಕಲ್ಲು ಸಡಿಲ ಎಂದು ಗದರಿದ್ದಳು. ಕಾಫಿ ಬೇಡ ಎಂದಿದ್ದಳು. ಮಾರಿದವನು ಯಾರು, ಎಲ್ಲಿಯವನು ಎಂದು ಎರಡೆರಡು ಸಲ ಕೇಳಿದ್ದಳು.

"ಅಂಟಿಂದೇನ ಮಾತು?" ಎಂದರು ಡಾಕ್ಟರು. "ಕಲ್ಲು ಹೆಂಗದ ಹೇಳು."

"ರೋಮನ್ನರು ಸುಣ್ಣದ ಗಾರೆ ಹಾಕ್ತಿದ್ರು ಅಂಕಲ್. ಈ ಅಂಟಿಗೆ ಹತ್ತು ವರ್ಷನೂ ಆಗಿಲ್ಲ."

"ಅಂದ್ರ ಡುಪ್ಲಿಕೇಟ್ ಅಂತೀಯೇನು?"

ಅವಳು ಕೈ ಒರೆಸಿಕೊಂಡಳು. "ಇದನ್ನ ಗೋಡೆಗೆ ಹಾಕಿ ರೋಮನ್ ಅಂತ ತೋರಿಸ್ಬೇಡಿ. ತಿಳಿದೋರು ಒಬ್ರು ನೋಡಿದ್ರೂ ನಿಮ್ಮ ಮರ್ಯಾದೆ ಹೋಗುತ್ತೆ."

ಡಾಕ್ಟರು ಕೆರಳಿದರು. ಕಲ್ಲು ಒರೆಸುವವಳಿಗೆ ಇಷ್ಟು ಸೊಕ್ಕೇ ಎಂದರು. ತನ್ನ ಮ್ಯೂಸಿಯಂಗೆ ಸಿಗದ್ದು ಇನ್ನೊಬ್ಬರ ಮನೆಯಲ್ಲಿದೆ ಎಂಬ ಹೊಟ್ಟೆಕಿಚ್ಚು ಎಂದರು. ಆದರೆ ಅವರ ಮನಸ್ಸಿಗೆ ಅನುಮಾನ ಆಗಲೇ ಹೊಕ್ಕಿತ್ತು. ಒಳಗೆ ಹೋಗಿ ಫಲಕ ಮಾರಿದ ದಲ್ಲಾಳಿಗೆ ಮೂರು ಸಲ ಫೋನ್ ಮಾಡಿದರು. ಆ ನಂಬರೇ ಈಗ ಇರಲಿಲ್ಲ. ರಸೀದಿ ಇಲ್ಲದೆ ಕೊಂಡಿದ್ದರಿಂದ ಪೊಲೀಸರ ಬಳಿ ಹೋಗುವಂತೆಯೂ ಇರಲಿಲ್ಲ.

ಹೊರಗೆ ಬಂದವರು ಫಲಕದತ್ತ ನೋಡಲೂ ಇಲ್ಲ.

"ಒಯ್ದು ನದಿಗೆ ಒಗಿ," ಎಂದರು. "ನನ್ನ ಕಣ್ಣಿಗೆ ಬೀಳಬಾರದು."

ನಾನೇ ಒಯ್ಯುತ್ತೇನೆ, ಆದರೆ ಇದನ್ನು ಸ್ವಇಚ್ಛೆಯಿಂದ ಕೊಟ್ಟಿದ್ದೇನೆ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ ಎಂದು ನೀವು ಬರೆದುಕೊಡಬೇಕು ಎಂದಳು ಮೈಥಿಲಿ. ಬ್ಯಾಗಿನಿಂದ ಕಾಗದ ತೆಗೆದು ಅವರ ಮುಂದಿಟ್ಟಳು. ಮುಂದೆ ತಕರಾರು ಬಂದೀತೆಂದು ಹೆದರಿದ್ದಾಳೆ ಎಂದುಕೊಂಡು ಡಾಕ್ಟರು ತಿರಸ್ಕಾರದಿಂದ ಸಹಿ ಗೀಚಿದರು. ಅವರ ಹೆಂಡತಿ ಸಿದ್ದೇಶ್ವರಿ ಸಾಕ್ಷಿ ಹಾಕಿದರು.

ಗೃಹಪ್ರವೇಶದ ದಿನ ಬಂದವರೆಲ್ಲ ಬರಿಗೋಡೆ ನೋಡಿ ಕುದುರೆ ಎಲ್ಲಿ ಎಂದರು. ಡಾಕ್ಟರು ಕ್ಷಣವೂ ತಡವರಿಸದೆ, ಮ್ಯೂಸಿಯಂ ಹುಡುಗಿ ಕೂರಿಸಲು ಹೋಗಿ ಒಡೆದುಹಾಕಿದಳು ಎಂದುಬಿಟ್ಟರು. ಆ ಸುಳ್ಳು ಒಂದೇ ವಾರದಲ್ಲಿ ಮೇರಿಲ್ಯಾಂಡ್ ದಾಟಿ ದೂರದ ಕ್ಯಾರಿ ಊರಿನ ಕನ್ನಡಿಗರವರೆಗೂ ಹೋಯಿತು. ಮೈಥಿಲಿಗೆ ಸಿಗಬೇಕಿದ್ದ ಎರಡು ಕೆಲಸ ತಪ್ಪಿದವು. ದೇವಸ್ಥಾನದ ಊಟದ ಸಾಲಿನಲ್ಲಿ ಅವಳ ಪಕ್ಕದಲ್ಲಿದ್ದವರು ಎದ್ದುಹೋಗಿ ಬೇರೆ ಕಡೆ ಕೂತರು. ಸಿದ್ದೇಶ್ವರಿಗೆ ಇದು ಚುಚ್ಚುತ್ತಿತ್ತು. ಯಾಕೆ ಸುಮ್ಮನಿದ್ದೀಯ, ನಿಜ ಹೇಳಿಬಿಡು ಎಂದು ಒಮ್ಮೆ ಅವಳ ಕಿವಿಯಲ್ಲಿ ಹೇಳಿದರು.

"ಇನ್ನೂ ಸ್ವಲ್ಪ ದಿನ ಹೇಳೋ ಹಾಗಿಲ್ಲ ಆಂಟಿ," ಎಂದಳು ಅವಳು, ಎಲೆಯ ಮೇಲಿಂದ ತಲೆ ಎತ್ತದೆ.

ಮರುವರ್ಷ ಏಪ್ರಿಲ್‌ನ ಒಂದು ಶನಿವಾರ. ಡಾಕ್ಟರ ಮನೆಯಲ್ಲಿ ಸಂಘದವರ ಊಟ ನಡೆದಿತ್ತು. ಅಂಚೆಯಲ್ಲಿ ಟ್ಯುನೀಶಿಯಾದ ಮ್ಯೂಸಿಯಂ ಒಂದರ ಮುದ್ರೆಯ ದಪ್ಪ ಲಕೋಟೆ ಬಂತು. ಏನೋ ಸನ್ಮಾನ ಇರಬೇಕು, ಎಲ್ಲರಿಗೂ ಕೇಳುವಂತೆ ಓದು ಎಂದರು ಮಹಾಂತಪ್ಪ. ಸಿದ್ದೇಶ್ವರಿ ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಓದಿದರು.

"ಮಾನ್ಯ ಡಾಕ್ಟರರೇ, ಎಂಟು ವರ್ಷದ ಹಿಂದೆ ನಮ್ಮೂರಿನ ರೋಮನ್ ವಿಲ್ಲಾದ ಉತ್ಖನನದಿಂದ ಕಳ್ಳರು ಕಿತ್ತೊಯ್ದು ಹೊಸ ಅಂಟಿನಲ್ಲಿ ಕೂಡಿಸಿ ಮಾರಿದ್ದ ನಾಲ್ಕನೆಯ ಶತಮಾನದ ಕುದುರೆಯನ್ನು, ಅಂದು ವಿದ್ಯಾರ್ಥಿನಿಯಾಗಿ ಅದನ್ನು ಮಣ್ಣಿನಿಂದ ಬಿಡಿಸಿದ್ದ ಮೈಥಿಲಿಯವರ ಕೈಗೇ ಕೊಟ್ಟು ಹಿಂದಿರುಗಿಸಿದ ನಿಮ್ಮ ಔದಾರ್ಯಕ್ಕೆ ನಾವು ಋಣಿಗಳು."