ಬಾಯಿ ಬಿಡದ ಗಂಡ

ಇದು ಮೂರನೇ ಸಲ. ಫಿದೆನ್ಸಿಯೊ ಆ ಹಳದಿ ಬಾಗಿಲನ್ನು ತಟ್ಟಿದ, ಬಾಗಿಲು ತೆರೆಯಿತು, ಒಳಗೆ ಹೋದ. ಎದುರಿನ ಟೊರ್ಟಿಯಾ ರೊಟ್ಟಿಯಂಗಡಿಯ ಸಾಲಿನಲ್ಲಿ ನಿಂತಿದ್ದ ಅವನ ಹೆಂಡತಿ ಎರ್ಲಿಂದಾ ಶಾಲನ್ನು ಮೂಗಿನವರೆಗೆ ಎಳೆದುಕೊಂಡಳು. ಬಾಗಿಲು ತೆರೆದವಳಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಕ್ಕಳು ಬೇರೆ.

ಗಂಡನ ಕೈಯಲ್ಲಿ ಔಷಧದಂಗಡಿಯ ಚೀಲವಿತ್ತು. ತೆಳು ಪ್ಲಾಸ್ಟಿಕ್ಕಿನೊಳಗೆ ಪ್ಯಾಡಿನ ಪೊಟ್ಟಣ ಎದ್ದು ಕಾಣುತ್ತಿತ್ತು. ಎರ್ಲಿಂದಾ ಬಳಸುವಂಥದ್ದೇ, ದೊಡ್ಡ ಅಳತೆಯದು. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗಾಗಿ ಒಂದೇ ಒಂದು ದಿನ ಪ್ಯಾಡು ತಂದವನಲ್ಲ ಈ ಮಹಾರಾಯ. ಹೆಂಡತಿಯಿಂದ ತಿಳಿದುಕೊಂಡದ್ದು ಈಗ ಇನ್ನೊಬ್ಬಳ ಸೇವೆಗೆ! ಅವಳ ಮೈಯೆಲ್ಲ ಉರಿದುಹೋಯಿತು.

ವಾರದಿಂದ ಅವನ ನಡವಳಿಕೆಯೇ ಬದಲಾಗಿತ್ತು. ದಿನವಿಡೀ ವ್ಯಾನು ಓಡಿಸಿ ಬಂದವನು ಕುರ್ಚಿಗೆ ಬಿದ್ದರೆ ಏಳುತ್ತಿರಲಿಲ್ಲ. ಈಗ ಪಾತ್ರೆ ತೊಳೆಯುತ್ತಿದ್ದ. ಅವಳು ತನ್ನ ಕಡುಬಿನಂಗಡಿಯ ಹಿಟ್ಟಿನ ಮೂಟೆಗೆ ಕೈಹಾಕಿದರೆ ಓಡಿ ಬಂದು ಕಿತ್ತುಕೊಳ್ಳುತ್ತಿದ್ದ. "ಸುಸ್ತಾಗಿದೀಯ ಕಣೇ, ಕೂತ್ಕೋ." ಈ ಶನಿವಾರ ಮೂವರು ಹೆಣ್ಣುಮಕ್ಕಳನ್ನೂ ಅಜ್ಜಿಯ ಮನೆಗೆ ಕಳಿಸುವ ಏರ್ಪಾಡನ್ನು ತಾನೇ ಮಾಡಿದ್ದ. ಹೊರಗೆ ಏನೋ ಮಾಡಿಕೊಂಡ ಗಂಡಸಿಗಲ್ಲದೆ ಇಷ್ಟು ಒಳ್ಳೆಯತನ ಎಲ್ಲಿಂದ ಬರಬೇಕು?

"ಕನ್ನಡಿ ನೋಡ್ಕೊಂಡ್ಯಾ ಮಾರಾಯ್ತಿ?" ಎಂದಿದ್ದಳು ಮೊನ್ನೆ ಪಕ್ಕದ ಮನೆಯ ಚಬೇಲಾ. "ಮುಖ ಹಿಂಡಿದ ನಿಂಬೆಹಣ್ಣಾಗಿದೆ. ಹೊಟ್ಟೆಕಿಚ್ಚು ಪಟ್ಟುಕೊಂಡೇ ಸಾಯ್ತೀಯ ನೋಡು."

ಹೊಟ್ಟೆಕಿಚ್ಚೇ ಸರಿ. ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತಿತ್ತು. ಒಲೆಯಲ್ಲಿ ಬೇಯುವ ಪಾಸ್ತೆ ಎಂಬ ಮಾಂಸದ ಕಡುಬುಗಳ ವಾಸನೆ, ಹನ್ನೆರಡು ವರ್ಷದಿಂದ ಹೊಟ್ಟೆ ಹೊರೆದ ವಾಸನೆ, ಈಗ ಓಕರಿಕೆ ತರಿಸುತ್ತಿತ್ತು. ಗಂಡನನ್ನು ನೇರವಾಗಿ ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಕೇಳಿದರೆ ಮಾತಿಗೆ ಮಾತು ಬೆಳೆದು ತಾನೂ ಒಂದೆರಡು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು.

ಫಿದೆನ್ಸಿಯೊಗೆ ಮಗ ಬೇಕಿತ್ತು. "ನಾಲ್ಕನೇದು ಗಂಡಾಗಲಿ, ಪಚೂಕಾ ಫುಟ್‌ಬಾಲ್ ತಂಡದಲ್ಲೇ ಆಡಿಸ್ತೀನಿ" ಎಂದು ಬೀದಿಗೆಲ್ಲ ಸಾರಿಕೊಂಡು ತಿರುಗಿದ್ದ. ಎರ್ಲಿಂದಾ ನಲವತ್ತರ ಹತ್ತಿರ ಬಂದಿದ್ದಳು. ಕಡೆಯ ಹೆರಿಗೆಯಲ್ಲಿ ಸತ್ತು ಬದುಕಿದವಳು. ಹಳದಿ ಬಾಗಿಲಿನವಳಿಗೆ ಅಂಥ ಭಯವೆಲ್ಲಿ? ಒಂದಲ್ಲ, ನಾಲ್ಕು ಹೆತ್ತುಕೊಟ್ಟಾಳು. ಆಮೇಲೆ ಈ ಬೋಳುತಲೆಯವನು ತನ್ನ ಕಡೆ ತಿರುಗಿಯಾದರೂ ನೋಡುತ್ತಾನೆಯೇ? ಆ ಬೋಳುತಲೆಯ ಮೇಲೆ ಅವಳಿಗೆ ಇವತ್ತಿಗೂ ಪ್ರಾಣ. ಅವನನ್ನು ಬಿಟ್ಟುಕೊಟ್ಟು ಬದುಕುವುದು ಅವಳಿಂದ ಆಗುವ ಮಾತಲ್ಲ.

ರಸ್ತೆ ದಾಟಿದಳು. ಪಚೂಕಾದ ಗಾಳಿ ಎಂದಿನಂತೆ ಕಿಟಕಿಗಳನ್ನು ಬಡಿಯುತ್ತಿತ್ತು. ಹಳದಿ ಬಾಗಿಲಿನ ಪಕ್ಕದ ಕಿಟಕಿ ಅರ್ಧ ತೆರೆದಿತ್ತು.

"ಹೆಂಡತಿಗೆ ಹೇಳಿದ್ರಾ?" ಹುಡುಗಿಯ ದನಿ.

"ಇಲ್ಲಮ್ಮ. ಅವಳ ಮುಖ ನೋಡಿದ್ರೆ ಬಾಯೇ ಬರಲ್ಲ."

"ಶನಿವಾರದೊಳಗೆ ಮಾತಾಡಿಬಿಡಿ. ತಡ ಆದಷ್ಟೂ ಕಷ್ಟ."

"ಅವಳಿಗೆ ತುಂಬಾ ನೋವಾಗುತ್ತಾ?"

"ಆಗುತ್ತೆ, ಸುಳ್ಳು ಹೇಳಲ್ಲ. ಆದ್ರೆ ತಡ್ಕೋತಾರೆ."

ತನಗೆ ಎಷ್ಟು ನೋವಾಗಬೇಕೆಂದು ಇವರಿಬ್ಬರೂ ಕೂತು ತೀರ್ಮಾನ ಮಾಡುತ್ತಿದ್ದಾರೆ! ಎರ್ಲಿಂದಾ ಹಲ್ಲು ಕಚ್ಚಿ ನಿಂತಳು. ಆಮೇಲೆ ಒಳಗಿನಿಂದ ಒಂದು ಮಾತೂ ಕೇಳಲಿಲ್ಲ. ಕಾದಳು. ಬಹಳ ಹೊತ್ತು ಕಾದಳು. ಒಂದು ಗಂಡು ಒಂದು ಹೆಣ್ಣು ಇರುವ ಕೋಣೆಯಲ್ಲಿ ಇಷ್ಟು ಹೊತ್ತಿನ ಮೌನ ಎಂದರೇನು?

ಬಾಗಿಲನ್ನು ಭುಜದಿಂದ ದೂಡಿದಳು. ಅಗುಳಿ ಹಾಕಿರಲಿಲ್ಲ.

ಹುಡುಗಿ ಮೇಜಿನ ಹತ್ತಿರ ನಿಂತು ಬಿಸಿನೀರಿನ ಚೀಲಕ್ಕೆ ಮುಚ್ಚಳ ತಿರುಗಿಸುತ್ತಿದ್ದಳು. ಫಿದೆನ್ಸಿಯೊ ಕೋಣೆಯ ಇನ್ನೊಂದು ತುದಿಯ ಕುರ್ಚಿಯಲ್ಲಿದ್ದ. ಎರಡೂ ಕೆನ್ನೆ ಉಬ್ಬಿದ್ದವು.

"ಎಷ್ಟು ದಿನದಿಂದ ನಡೀತಿದೆ ಇದು? ಹೇಳೋ!"

ಅವನು ತಲೆಯಾಡಿಸಿದ. ಬಾಯಿ ಬಿಡಲಿಲ್ಲ.

"ಏನು, ಬಾಯಲ್ಲಿ ಕಡುಬು ತುರುಕ್ಕೊಂಡಿದೀಯಾ? ಮಾತಾಡು!"

"ಕೂತ್ಕೊಳ್ಳಿ ದೋನ್ಯಾ ಎರ್ಲಿಂದಾ," ಎಂದಳು ಹುಡುಗಿ. ಮರ್ಯಾದೆಯ ದೋನ್ಯಾ ಬೇರೆ, ಹೆಸರೂ ಗೊತ್ತು ಇವಳಿಗೆ! "ನಾನು ನಯೇಲಿ. ಅವರು ಇನ್ನೂ ಹತ್ತು ನಿಮಿಷ ಮಾತಾಡಲ್ಲ. ಬಾಯಲ್ಲಿ ಪೆಪ್ಪರಮಿಂಟು ಇದೆ."

"ಏನಂದೆ?"

"ಆ ಕೆನ್ನೆಯಲ್ಲಿ ಎರಡು, ಈ ಕೆನ್ನೆಯಲ್ಲಿ ಎರಡು. ನಿಜವಾದ ಮಾತ್ರೆಗಳನ್ನೂ ಹೀಗೇ ಇಟ್ಕೋಬೇಕು. ಅಗಿಯಬಾರದು, ನುಂಗಬಾರದು. ಅರ್ಧ ಗಂಟೆ ಆದ ಮೇಲೆ ಉಳಿದದ್ದನ್ನ ನೀರು ಕುಡಿದು ನುಂಗೋದು. ಅಷ್ಟು ಹೊತ್ತು ಮನುಷ್ಯರ ಕೈಲಿ ಆಗುತ್ತಾ, ಮೊದಲು ನಾನೇ ನೋಡ್ತೀನಿ ಅಂತ ಹಟ ಹಿಡಿದು ಕೂತಿದಾರೆ."

"ಎಂಥ ಮಾತ್ರೆ?"

"ಗರ್ಭ ತೆಗೆಯೋ ಮಾತ್ರೆ. ಅದನ್ನ ತಗೊಳ್ಳೋರ ಜೊತೆಗಿರೋದು ನಮ್ಮ ಹೆಂಗಸರ ಗುಂಪಿನ ಕೆಲಸ."

ಹಾಗಾದರೆ ಇವಳಲ್ಲ. ಇನ್ಯಾರೋ ಇದ್ದಾಳೆ. ಸೇರಿಕೊಂಡದ್ದು ಸಾಲದೆಂದು ಬಸುರೂ ಮಾಡಿದ್ದಾನೆ. ಎರ್ಲಿಂದಾ ಗಂಡನ ಕಡೆ ತಿರುಗಿದಳು. ಅವನ ಕಣ್ಣಲ್ಲಿ ನೀರು ತುಂಬಿತ್ತು. ಆ ಕಣ್ಣೀರು ಕೂಡ ಬೇರೆಯವಳಿಗಾಗಿ!

ನಯೇಲಿ ಮಾತು ನಿಲ್ಲಿಸಲಿಲ್ಲ. "ಗಂಟೆಗೆ ಎರಡು ದೊಡ್ಡ ಪ್ಯಾಡು ತೊಯ್ದು, ಎರಡು ಗಂಟೆ ಹಾಗೇ ಆದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು ಅಂದಿದ್ದೆ. ಯಾವ ದಾರಿ ಹತ್ತಿರ ಅಂತ ನಿನ್ನೆ ವ್ಯಾನು ಓಡಿಸಿ ನೋಡ್ಕೊಂಡೂ ಬಂದ್ರು. ಅಷ್ಟು ಹೆದರಿದಾರೆ."

"ಯಾವಳಿಗೋಸ್ಕರ?" ಎರ್ಲಿಂದಾ ಕಿರುಚಿದಳು. "ಯಾವಳು ಅವಳು?"

ನಯೇಲಿ ಫಿದೆನ್ಸಿಯೊನ ಮುಖ ನೋಡಿದಳು. ಅವನು ಬಾಯಿ ಮುಚ್ಚಿಕೊಂಡೇ, ಹೇಳು ಎಂಬಂತೆ ತಲೆಯಾಡಿಸಿದ.

"ನೀವೇ ಅಕ್ಕಾ, ನೀವು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ ಕಂಡ ದಿನದಿಂದ, ನೀವಾಗಿ ಒಂದು ಮಾತು ಹೇಳ್ತೀರೇನೋ ಅಂತ ಕಾಯ್ತಿದಾರೆ."