ಇಳಿಯಜ್ಜಿಯ ಹಾಜರಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳುವಷ್ಟು ಓದಿದವನಲ್ಲ ನಾನು. ಸಂಜೆ ತರಗತಿಯಲ್ಲಿ ಅಕ್ಷರ ತಿದ್ದಿದವನು. ತಪ್ಪಿದ್ದರೆ ಸರಿಮಾಡಲು ಇಳಿಯಜ್ಜಿಯೂ ಈಗ ಇಲ್ಲ.

ಕ್ಷೌರದವನು ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ರಸ್ತೆಗೆ ಓಡಿದ. ಎದುರಿನ ಗೋಡೆಗೆ ಒರಗಿದ ಏಣಿಯ ಮೇಲೆ ಪೇಂಟರ್ ಇದ್ದ.

"ಏನಯ್ಯಾ, ನಿನ್ನದೇನು ಕಲ್ಲೆದೆಯಾ? ಇಳಿಯಜ್ಜಿ ಹೋಗ್ಬಿಟ್ರು, ನೀನು ಬಣ್ಣ ಬಳೀತಾ ನಿಂತಿದ್ದೀಯಾ!"

ಪೇಂಟರ್ ಕೈಯಿಂದ ಕುಂಚ ಜಾರಿತು. "ಅಯ್ಯೋ! ಯಾರು ಹೇಳಿದ್ದು?"

"ನೀನೇ ಬರೆದಿದ್ದೀಯಲ್ಲೋ, ವಾಚನಾಲಯದ ಬೋರ್ಡಿನಲ್ಲಿ!"

ನಿಜವೇ. ಬೆಳಿಗ್ಗೆ ಬಣ್ಣದ ಡಬ್ಬಿಯ ಕೆಳಗೆ ಯಾರೋ ಚೀಟಿ ಇಟ್ಟು ಹೋಗಿದ್ದರು. ಅದರಲ್ಲಿದ್ದುದನ್ನು ಸೀಮೆಸುಣ್ಣದಲ್ಲಿ ಬರೆದು ಬಂದಿದ್ದ. ಪೇಂಟರ್ ಅಕ್ಷರವನ್ನು ನೋಡುತ್ತಾನೆ, ಓದುವುದಿಲ್ಲ. ಓದುತ್ತಾ ಕೂತರೆ ಗೆರೆ ಸೊಟ್ಟಗಾಗುತ್ತದೆ ಎಂಬುದು ಅವನ ವಾದ. ಈಗ ಓಡಿಹೋಗಿ ತನ್ನ ಬರಹವನ್ನು ತಾನೇ ಓದಿ ಅತ್ತ: "ಇಳಿಯಜ್ಜಿ ಇಂದು ನಿಧನ. ಎಲ್ಲರೂ ಆರಕ್ಕೆ ಸೇರಿರಿ."

ಅಜ್ಜಿಯ ಮನೆಗೆ ಬೀಗ. ದೇಹವನ್ನು ತಂಗಿಯ ಊರಿಗೆ ಒಯ್ದಿರಬೇಕು ಎಂದರು.

ಅಜ್ಜಿ ಮೂವತ್ತೈದು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವರು. ನಿವೃತ್ತಿಯಾದ ಮೇಲೆ ಊರನ್ನೇ ತಿದ್ದಿದರು. ಅಂಗಡಿ ಬೋರ್ಡಿನಲ್ಲಿ ಬೇಡದ ಅಕ್ಷರ ಕಂಡರೆ ಕೆಂಪು ಪೆನ್ಸಿಲಿನಿಂದ ಹೊಡೆದು ಪಕ್ಕದಲ್ಲಿ ಹಂದಿಬಾಲದಂಥ ಸುರುಳಿ ಹಾಕುವರು, ತೆಗೆದುಹಾಕು ಎಂದರ್ಥ. ಬಿಟ್ಟುಹೋದದ್ದು ಕಂಡರೆ, ಅದರಲ್ಲೂ ದೀರ್ಘದ ಇಳಿ, ಬೈಯುವರು; ಇಳಿಯಜ್ಜಿ ಎಂಬ ಹೆಸರು ಬಂದದ್ದೇ ಹಾಗೆ. ಸಂಜೆ ವಾಚನಾಲಯದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವರು. ಆದರೆ ಬರುವವರು ನಾಲ್ಕೇ ಜನ. ಆ ದಿನ ಇಪ್ಪತ್ತು ಸಹಿ ಬೀಳದಿದ್ದರೆ ತರಗತಿಗೆ ಬೀಗ ಎಂದು ಕಚೇರಿಯಿಂದ ಗುಮಾಸ್ತರು ಬಂದಿದ್ದರು, ಬೀಗ ಸಮೇತ.

ಆರಕ್ಕೆ ಕಾಲಿಡಲು ಜಾಗವಿರಲಿಲ್ಲ.

ಸೈಕಲ್ ಅಂಗಡಿಯವನು ಮೊದಲು ಎದ್ದ. "ನನ್ನ ಬೋರ್ಡಲ್ಲಿ 'ಸೈಕಲ್ ಬಡಿಗೆಗೆ ಸಿಗುತ್ತದೆ' ಅಂತಿತ್ತು. ಅಜ್ಜಿ ಒಳಗೆ ಬಂದು, 'ಬಾಡಿಗೆಗೆ ಇಳಿ ಎಲ್ಲೋ? ಯಾರಿಗೆ ಬಡಿಯೋಕೆ ಇಟ್ಟಿದ್ದೀಯಾ?' ಅಂದ್ರು." ನಗಲು ಹೋಗಿ ಅತ್ತುಬಿಟ್ಟ.

ಬೇಕರಿಯವನು ಮೂಗೊರೆಸಿಕೊಂಡ. "ನನ್ನ ಬನ್ನು ಹತ್ತಿ ಥರ ಅಂತ ದಿನಾ ಹೊಗಳೋರು. ಅವರಾಣೆ, ನಾಳೆಯಿಂದ ನಾನು ತರಗತಿಗೆ ಬರ್ತೀನಿ!"

"ನಾನೂ!" ಎಂದ ಕ್ಷೌರದವನು. ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಯಿತು. ಅರವತ್ತಮೂರು ಸಹಿ. ಗುಮಾಸ್ತರು ಕಣ್ಣೊರೆಸಿಕೊಂಡು, "ತರಗತಿ ಮುಂದುವರಿಯತಕ್ಕದ್ದು" ಎಂದು ಬರೆದು ಮೊಹರು ಒತ್ತಿದರು. ಬೀಗ ಚೀಲಕ್ಕೆ ಮರಳಿತು.

ಆಗ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು.

"ಯಾಕೆ ಎಲ್ಲ ಎದ್ದು ನಿಂತ್ರಿ? ಕೂತ್ಕೊಳ್ಳಿ. ಬಸ್ಸು ತಡ. ಇವತ್ತು ನಿಧಾನ ಅಂತ ಬೋರ್ಡ್ ಹಾಕಿಸಿದ್ದೆನಲ್ಲ!"

ಯಾರೋ ಕಿರುಚಿದರು. ಅಜ್ಜಿ ಬೋರ್ಡಿನತ್ತ ಕೋಲು ತೋರಿಸಿದರು. "ಪೇಂಟರ್, 'ಧ'ಗೆ ಇಳಿ ಎಲ್ಲೋ?"

ಪೇಂಟರ್ ತಲೆ ತಗ್ಗಿಸಿದ. ಇಳಿ ನುಂಗುವುದು ಅವನ ಹಳೆಯ ಚಾಳಿ. 'ಬಡಿಗೆ'ಯೂ ಅವನದೇ ಕೃಪೆ. ಗುಮಾಸ್ತರು ಮೆಲ್ಲನೆ ಪುಸ್ತಕಕ್ಕೆ ಕೈಹಾಕಿದರು.

"ಮೊಹರು ಬಿದ್ದಿದೆ ಸ್ವಾಮಿ," ಎಂದರು ಅಜ್ಜಿ. ಜನರತ್ತ ತಿರುಗಿದರು. "ಸತ್ತವಳಿಗೆ ಕೊಟ್ಟ ಮಾತಾದ್ರೆ ಮರೀಬಹುದಿತ್ತು. ನಾನು ಬದುಕಿದ್ದೀನಲ್ಲ, ನಾಳೆ ಆರಕ್ಕೆ ಬನ್ನಿ. ಮತ್ತೆ ನಿನ್ನ ಬನ್ನು, ಬೇಕರಿಯವನೇ, ಹತ್ತಿ ಅಲ್ಲ, ಕಲ್ಲು."

ಎಲ್ಲರೂ ಬಂದರು. ನಾನೂ ಆ ಅರವತ್ತಮೂರರಲ್ಲಿ ಒಬ್ಬ. ಪೇಂಟರ್ ನೂರು ಸಲ 'ನಿಧಾನ' ಬರೆದ. ಮುಂದಿನ ಆರು ವರ್ಷವೂ ಊರು ಅವನನ್ನು 'ಅಜ್ಜಿ ಕೊಂದವನು' ಎಂದೇ ಕರೆಯಿತು. ಅವನೂ ಅದನ್ನು ಒಪ್ಪಿಕೊಂಡಿದ್ದ.

ಅಜ್ಜಿ ನಿಜವಾಗಿ ಹೋದ ದಿನ ಬೋರ್ಡನ್ನು ಯಾರೂ ನಂಬಲಿಲ್ಲ. ಏಳು ಗಂಟೆಯವರೆಗೆ ಬಾಗಿಲು ನೋಡುತ್ತಾ ಕೂತೆವು.

ಮೊನ್ನೆ ಪೇಂಟರ್ ಹಳೆಯ ಡಬ್ಬಿಯೊಂದನ್ನು ತೆರೆದ. ಮುಚ್ಚಳ ಬಿಗಿಯಾಗಲೆಂದು ಮಡಚಿಟ್ಟಿದ್ದ ಕಾಗದ ಕೆಳಗೆ ಬಿತ್ತು. ಬಿಡಿಸಿ ನನ್ನ ಕೈಗಿತ್ತ. ಅದೇ ಚೀಟಿ, ಅಜ್ಜಿಯದೇ ದುಂಡಕ್ಷರ: "ಇಳಿಯಜ್ಜಿ ಇಂದು ನಿಧಾನ. ಎಲ್ಲರೂ ಆರಕ್ಕೆ ಸೇರಿರಿ."

'ಧ'ದ ಇಳಿಯ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಹಂದಿಬಾಲದ ಸುರುಳಿ. ಬಾಗಿಲ ಹೊರಗೆ ಎಷ್ಟು ಹೊತ್ತು ನಿಂತು ನಮ್ಮ ಮಾತು ಕೇಳಿದರೋ, ಅದೊಂದು ಮಾತ್ರ ನನಗೆ ಗೊತ್ತಿಲ್ಲ.